ಬಟ್ಟೆಗೊಂದು ಕೋಣೆ: ಗೋಡೆ ಏಳುವ ಮೊದಲು

(ಮಹಿಳಾ ವಿಭಾಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇವತ್ತಿನ ವಿಷಯ ವಾಕ್-ಇನ್ ಕ್ಲಾಸೆಟ್ ಎಂದು ಆಮಂತ್ರಣದಲ್ಲಿ ಅಚ್ಚಾದಾಗ ಹಲವರು ನಕ್ಕರಂತೆ. ನಿಂತಲ್ಲೇ ತಿರುಗಲು ಜಾಗವಿಲ್ಲದ ಗ್ರಾಂಟ್ ರೋಡಿನಲ್ಲಿ ಬಟ್ಟೆಗೆ ನಡೆದುಹೋಗುವ ಕೋಣೆಯೇ ಎಂದು. ನಗುವುದು ಸರಿಯೇ. ಆದರೆ ಕಳೆದ ಕೆಲವು ವರ್ಷಗಳಲ್ಲಿ ನನ್ನ ಮುಂದೆ ಮನೆಯ ಪ್ಲಾನ್ ಬಿಡಿಸಿಟ್ಟ ನಮ್ಮವರಲ್ಲಿ ಅರ್ಧಕ್ಕರ್ಧ ಜನ ಕೇಳಿದ್ದು ಇದನ್ನೇ. ಮನೆಯೊಳಗಿನ ಕಪಾಟು, ಮರದ ಕೆಲಸಗಳ ನಕ್ಷೆ ಹಾಕುವುದು ನನ್ನ ವೃತ್ತಿ, ಹಾಗಾಗಿ ಈ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗುತ್ತದೆ.

ಕಾರಣ ನಿಮಗೆ ಗೊತ್ತು. ನಮ್ಮ ಈ ಪರಿಸರದ ಎಷ್ಟೋ ಕಟ್ಟಡಗಳು ಸೆಸ್ ಕಟ್ಟುವ ಹಳೆಯ ಕಟ್ಟಡಗಳು. 1969ರ ಕಾಯಿದೆಯಿಂದ ಬಂದ ರಿಪೇರಿ ಬೋರ್ಡು ಈಗ ಮ್ಹಾಡಾದ ಕೈಕೆಳಗಿದೆ. ಟೇಕು ಕೊಟ್ಟು ನಿಲ್ಲಿಸಿದ ಚಾಳುಗಳು ಒಂದೊಂದಾಗಿ ಇಳಿದು ಟವರ್ ಏಳುತ್ತಿವೆ. ಪುನರ್ನಿರ್ಮಾಣವಾದಾಗ ಪಗಡಿಯ ಬಾಡಿಗೆದಾರನಿಗೆ ಕನಿಷ್ಠ 300 ಚದರ ಅಡಿ ಕಾರ್ಪೆಟ್ ಸಿಗಬೇಕು ಎನ್ನುತ್ತದೆ ನಿಯಮ. ವರ್ಲಿಯ ಬಿಡಿಡಿ ಚಾಳಿನವರಿಗೆ 160 ಚದರ ಅಡಿಯ ಖೋಲಿಗೆ ಬದಲಾಗಿ 500 ಚದರ ಅಡಿಯ ಮನೆ. ಜೋಡಿ ಖೋಲಿ ಇದ್ದವರಿಗೆ, ಒಂದಿಷ್ಟು ಜಾಗ ಕೊಂಡು ಸೇರಿಸಿಕೊಂಡವರಿಗೆ ಇನ್ನೂ ದೊಡ್ಡದು. ಮೊದಲ ಬಾರಿಗೆ ‘ಮಾಸ್ಟರ್ ಬೆಡ್‌ರೂಮ್’ ಎಂಬ ಮಾತು ನಮ್ಮ ಬಾಯಿಗೆ ಬಂದಿದೆ.

ಆದರೆ ಸೊಸೈಟಿಯ ಮೀಟಿಂಗಿಗೆ ಹೋಗುವವರು ಗಂಡಸರು, ಬಟ್ಟೆ ಮಡಚುವವರು ನಾವು. ಬಿಲ್ಡರನ ಆರ್ಕಿಟೆಕ್ಟ್ ನಕ್ಷೆ ತೋರಿಸುವಾಗ ಪಾರ್ಕಿಂಗ್, ಲಿಫ್ಟ್, ಕಾರ್ಪಸ್ ನಿಧಿಯ ಮಾತಾಗುತ್ತದೆ. ಬಟ್ಟೆ ಎಲ್ಲಿ ಇಡುವುದು ಎಂಬ ಪ್ರಶ್ನೆ ಕೀಲಿಕೈ ಸಿಕ್ಕ ಮೇಲೆ ಏಳುತ್ತದೆ. ಆಗ ಗೋಡೆಗಳು ಎದ್ದಿರುತ್ತವೆ, ಮಿಸ್ತ್ರಿಗೆ ಮಾಡಲು ಉಳಿಯುವುದು ಬಾಗಿಲು ಮತ್ತು ಹಲಗೆ ಮಾತ್ರ. ಆದ್ದರಿಂದ ಈ ಮಾತು ಮುಖ್ಯವಾಗಿ ಇನ್ನೂ ಟ್ರಾನ್ಸಿಟ್ ಮನೆಯಲ್ಲೋ ಬಾಡಿಗೆಯ ಮನೆಯಲ್ಲೋ ಕಾಯುತ್ತಿರುವವರಿಗೆ.

ಬಟ್ಟೆಗೆ ಜಾಗ ಮಾಡುವ ಕಲೆ ನಮಗೆ ಹೊಸದಲ್ಲ. ಊರ ಮನೆಗಳಲ್ಲಿ ಮಡಿಬಟ್ಟೆಗೆ ತಲೆಯ ಮೇಲೆ ಹಗ್ಗದಲ್ಲಿ ತೂಗಿದ ಬಿದಿರಿನ ಗಳು ಇತ್ತು, ಕೋಲಿನಿಂದ ಎತ್ತಿ ಹರಡುತ್ತಿದ್ದರು. ಬಯಲುಸೀಮೆಯ ಮನೆಗಳಲ್ಲಿ ಗೋಡೆಗೆ ಗಿಳಿಗೂಟ, ಪಕ್ಕದಲ್ಲೊಂದು ಗೂಡು. ಮುಂಬೈಗೆ ಬಂದಾಗ ಹೆಂಗಸಿನ ಜೊತೆ ಬಂದದ್ದು ಒಂದು ತಗಡಿನ ಟ್ರಂಕು. ಅದು ಮಂಚದ ಕೆಳಗೆ ಹೋಯಿತು. ಸ್ವಲ್ಪ ಅನುಕೂಲವಾದ ಮೇಲೆ ಗೋದ್ರೆಜ್ ಕಪಾಟು ಬಂತು. 1897ರಲ್ಲಿ ಲಾಲ್‌ಬಾಗ್‌ನಲ್ಲಿ ಬೀಗ ಮಾಡಲು ಹೊರಟ ಆ ಕಂಪನಿ 1923ರಲ್ಲಿ ಉಕ್ಕಿನ ಕಪಾಟು ಮಾಡತೊಡಗಿತು. ಬೀಗದವರು ಕಪಾಟು ಮಾಡಿದ್ದು ಆಕಸ್ಮಿಕವಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಹತ್ತು ಜನ ಮಲಗುವ ಖೋಲಿಯಲ್ಲಿ ಒಬ್ಬ ಹೆಂಗಸಿಗೆ ತನ್ನದು ಎನ್ನುವಂಥದ್ದು ಬೀಗ ಇರುವ ಆ ಒಂದು ಪೆಟ್ಟಿಗೆ ಮಾತ್ರ. ಈ ಸಂಗತಿಗೆ ಆಮೇಲೆ ಬರುತ್ತೇನೆ.

ಈಗ ಲೆಕ್ಕ. ಹ್ಯಾಂಗರಿಗೆ ಹಾಕಿದ ಬಟ್ಟೆಗೆ 24 ಇಂಚು ಆಳ ಬೇಕು. ಅದಕ್ಕಿಂತ ಕಡಿಮೆ ಮಾಡಿದರೆ ತೋಳು ಬಾಗಿಲಿಗೆ ಸಿಕ್ಕುತ್ತದೆ. ಅದರ ಮುಂದೆ ನಿಂತು, ಬಗ್ಗಿ, ಕೆಳಗಿನ ಡ್ರಾಯರ್ ಎಳೆಯಲು 36 ಇಂಚು ಬೇಕು. 30 ಇಂಚಿನಲ್ಲಿ ನಡೆಯಬಹುದು, ಆದರೆ ಬಗ್ಗಿದಾಗ ಹಿಂದಿನ ಹಲಗೆ ತಾಗುತ್ತದೆ. ಎರಡೂ ಸೇರಿ 60 ಇಂಚು, ಅಂದರೆ 5 ಅಡಿ. ಒಂದೇ ಬದಿಗೆ ಬಟ್ಟೆ ತೂಗುವ ಕೋಣೆಗೆ ಇದು ಕನಿಷ್ಠ ಅಗಲ. 6 ಅಡಿ ಉದ್ದ ಹಿಡಿದರೆ 30 ಚದರ ಅಡಿ. ಇದರಲ್ಲಿ ಬಟ್ಟೆಗೆ 12, ನಮ್ಮ ಕಾಲಿಗೆ 18. ಅದೇ 6 ಅಡಿ ಉದ್ದದ ಕಪಾಟನ್ನು ಬೆಡ್‌ರೂಮಿನ ಗೋಡೆಗೆ ಮಾಡಿಸಿದರೆ ಅದೇ ಬಟ್ಟೆ 12 ಚದರ ಅಡಿಯಲ್ಲಿ ಕೂರುತ್ತದೆ. ನಿಲ್ಲುವ ಜಾಗ ಹೇಗೂ ಮಂಚದ ಪಕ್ಕದಲ್ಲಿ ಇದ್ದೇ ಇದೆ. ಹಾಗಾದರೆ ಒಂದು ಬದಿಯ ವಾಕ್-ಇನ್ ಎಂದರೆ ಮುಂಬೈಯ ದರದಲ್ಲಿ ಹದಿನೆಂಟು ಚದರ ಅಡಿ ನೆಲವನ್ನು ಕಾಲಿಗೆಂದೇ ಕೊಂಡ ಹಾಗೆ. ನಿಮ್ಮ ಕಟ್ಟಡದ ದರದಿಂದ ಗುಣಿಸಿ ನೋಡಿ, ನಾನು ಇಲ್ಲಿ ಹೇಳುವುದಿಲ್ಲ. ನಡೆದಾಡುವ ಜಾಗವನ್ನು ಎರಡು ಬದಿಗಳು ಹಂಚಿಕೊಂಡಾಗ ಮಾತ್ರ ಈ ಕೋಣೆಗೆ ಅರ್ಥ ಬರುತ್ತದೆ: 7 ಅಡಿ ಅಗಲ, 6 ಅಡಿ ಉದ್ದ, 42 ಚದರ ಅಡಿ. ಆಗ ಬಟ್ಟೆಗೆ 24, ಕಾಲಿಗೆ ಅದೇ 18. ಮಧ್ಯದ ದಾರಿ ಒಂದಿದೆ. ಒಂದು ಬದಿ 24 ಇಂಚಿನ ತೂಗುವ ಭಾಗ, ಎದುರು ಬದಿಗೆ ಮಡಚಿದ ಬಟ್ಟೆಗೆ 15 ಇಂಚಿನ ಹಲಗೆ, ನಡುವೆ 30 ಇಂಚು. ಒಟ್ಟು 5 ಅಡಿ 9 ಇಂಚು. ಮಡಚಿದ ಸೀರೆಗೆ 15 ಇಂಚು ಧಾರಾಳ ಸಾಕು. ಸೀರೆ ಹೆಚ್ಚು ಇರುವ ನಮ್ಮಂಥವರಿಗೆ ನಾನು ಸಾಮಾನ್ಯವಾಗಿ ಹೇಳುವುದು ಇದನ್ನೇ.

ನಮ್ಮ ಬೆಡ್‌ರೂಮು ಎಷ್ಟು ದೊಡ್ಡದು? 10 ಅಡಿಗೆ 12 ಅಡಿ ಇದ್ದರೆ ಪುಣ್ಯ. ಅದರಲ್ಲಿ 5 ಅಡಿ ಕತ್ತರಿಸಿದರೆ, ಅಡ್ಡಗೋಡೆಯ ದಪ್ಪ ಕಳೆದು ಆರೂಮುಕ್ಕಾಲು ಅಡಿಯೂ ಉಳಿಯುವುದಿಲ್ಲ. ಮಂಚವೇ ಆರೂವರೆ ಅಡಿ ಉದ್ದ. ಮಂಚದ ಮೇಲಿಂದ ಹಾರಿ ಬಟ್ಟೆ ತರಬೇಕಾದೀತು. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: 300 ಚದರ ಅಡಿಯ ಮನೆಯಲ್ಲಿ ಈ ಕೋಣೆ ಬೇಡ. 500ರಲ್ಲೂ ಎರಡು ಬಾರಿ ಯೋಚಿಸಿ. ನೆಲದಿಂದ ಸೀಲಿಂಗಿನವರೆಗೆ ಒಂದು ಇಡೀ ಗೋಡೆಯನ್ನು ಕಪಾಟು ಮಾಡಿಸಿ, ಒಳಗಿನ ವ್ಯವಸ್ಥೆ ಮಾತ್ರ ವಾಕ್-ಇನ್‌ನ ಹಾಗೆ ಇರಲಿ. ಕೋಣೆ 15 ಅಡಿ ಉದ್ದ ಇದ್ದವರು ಮುಂದುವರಿಯಬಹುದು. ಅವರಿಗೂ ಇಟ್ಟಿಗೆಯ ಗೋಡೆ ಬೇಡ. ರೇರಾ ಕಾಯಿದೆಯ ಪ್ರಕಾರ ಮನೆಯೊಳಗಿನ ಅಡ್ಡಗೋಡೆ ನಿಂತ ಜಾಗವೂ ಕಾರ್ಪೆಟ್ ಏರಿಯಾದಲ್ಲೇ ಲೆಕ್ಕ, ಅಂದರೆ ಗೋಡೆ ನುಂಗಿದ ಜಾಗಕ್ಕೂ ನೀವು ದುಡ್ಡು ಕೊಟ್ಟಿದ್ದೀರಿ. ಕಪಾಟಿನ ಬೆನ್ನನ್ನೇ ಗೋಡೆ ಮಾಡಿ, ಆ ಬೆನ್ನಿಗೆ ಮಂಚದ ತಲೆಭಾಗ ಒರಗಿಸಿ. ಪಕ್ಕದಿಂದ ಎರಡೂವರೆ ಅಡಿಯ ದಾರಿ ಬಿಟ್ಟು ಒಳಹೋಗಿ. ಬಾಗಿಲು ಬೇಕಾದರೆ ಸರಿಯುವ ಬಾಗಿಲು, ಇಲ್ಲವಾದರೆ ದಪ್ಪ ಹತ್ತಿಯ ಪರದೆ. ಪರದೆಯಲ್ಲಿ ಗಾಳಿಯಾದರೂ ಆಡುತ್ತದೆ.

ಗಾಳಿಯ ವಿಷಯದಲ್ಲಿ ನಾನು ಹಠಮಾರಿ. ವಿದೇಶದ ಫೋಟೋಗಳಲ್ಲಿ ನಾವು ನೋಡುವ ಈ ಕೋಣೆಗಳು ಒಣ ಹವೆಯ ಊರಿನವು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪೇ ನೀರಾಗುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಚರ್ಮದ ಚಪ್ಪಲಿ, ಬೆಲ್ಟು, ಕೋಟುಗಳಿಗೆ ಬೂಷ್ಟು ಹಿಡಿಯಲು ಹದಿನೈದು ದಿನ ಸಾಕು. ಬಿಲ್ಡರುಗಳಿಗೆ ಪ್ರಿಯವಾದ ಒಂದು ನಕ್ಷೆ ಇದೆ: ಬೆಡ್‌ರೂಮಿನಿಂದ ಬಟ್ಟೆಕೋಣೆ, ಬಟ್ಟೆಕೋಣೆಯಿಂದ ಬಾತ್‌ರೂಮು. ಹೋಟೆಲಿನಲ್ಲಿ ಇದು ಚಂದ, ಅಲ್ಲಿ ಎರಡು ದಿನದ ಬಟ್ಟೆ ಇರುತ್ತದೆ. ಮನೆಯಲ್ಲಿ ಮೂರು ಜನ ಬಿಸಿನೀರು ಸ್ನಾನ ಮಾಡಿ ಬಾಗಿಲು ತೆರೆದಾಗ ಹಬೆಯೆಲ್ಲ ನಿಮ್ಮ ಕಾಂಜೀವರಂ ಮೇಲೆ ಕೂರುತ್ತದೆ. ಈ ನಕ್ಷೆ ಬಂದರೆ ಬಾತ್‌ರೂಮಿನ ಬಾಗಿಲನ್ನು ಬೆಡ್‌ರೂಮಿಗೆ ತಿರುಗಿಸಲು ಕೇಳಿ. ಗೋಡೆ ಏಳುವ ಮೊದಲು ಕೇಳಿದರೆ ಅದು ಒಂದು ಗೆರೆಯ ಬದಲಾವಣೆ. ಆಗದಿದ್ದರೆ ಬಾತ್‌ರೂಮಿಗೆ ಎಕ್ಸಾಸ್ಟ್ ಫ್ಯಾನ್ ಇರಲೇಬೇಕು, ಸ್ನಾನದ ನಂತರ ಅರ್ಧ ಗಂಟೆ ಅದು ತಿರುಗುತ್ತಿರಬೇಕು.

ಇನ್ನೊಂದು ಹಳೆಯ ಖಾಯಿಲೆ ‘ಫ್ಲವರ್ ಬೆಡ್’. ಕೆಲವು ವರ್ಷಗಳ ಹಿಂದಿನ ಟವರುಗಳಲ್ಲಿ ಕಿಟಕಿಯ ಹೊರಗೆ ಹೂಕುಂಡಕ್ಕೆಂದು ಎರಡಡಿಯ ಸ್ಲ್ಯಾಬ್ ಇರುತ್ತದೆ. ಅದನ್ನು ಒಳಗೆ ಸೇರಿಸಿ ಕಪಾಟು ಮಾಡಿಕೊಂಡವರು ಬಹಳ. ಮಂಜೂರಾದ ನಕ್ಷೆಯಲ್ಲಿ ಇಲ್ಲದ್ದನ್ನು ಮಾಡಿದರೆ ಪಾಲಿಕೆಯ ತಕರಾರು ಒಂದು. ಅದಕ್ಕಿಂತ ದೊಡ್ಡದು, ಮೂರು ಕಡೆಯಿಂದ ಮಳೆ ಹೊಡೆಯುವ ಆ ಗೂಡಿನಲ್ಲಿ ಬಟ್ಟೆ ಇಡುವುದೆಂದರೆ ಕೊಡೆಯಿಲ್ಲದೆ ಹೊರಗೆ ಇಟ್ಟಂತೆಯೇ. ಬಟ್ಟೆಯ ಕಪಾಟು ಯಾವಾಗಲೂ ಒಳಗೋಡೆಗೆ ಬರಲಿ. ಹೊರಗೋಡೆ ಬಿಟ್ಟು ಬೇರೆ ಗತಿಯಿಲ್ಲದಿದ್ದರೆ ಗೋಡೆಗೂ ಕಪಾಟಿನ ಬೆನ್ನಿಗೂ ಎರಡು ಇಂಚು ಸಂದು ಬಿಡಿ. ಮಿಸ್ತ್ರಿ ‘ಭಾಭೀ, ಜಾಗಾ ವೇಸ್ಟ್’ ಅನ್ನುತ್ತಾನೆ. ಅನ್ನಲಿ. ಅವನ ಹತ್ತಿರ ಪ್ಲೈವುಡ್ ಮೇಲಿನ ಮುದ್ರೆಯನ್ನೂ ಓದಿಸಿಕೊಳ್ಳಿ. ಐಎಸ್ 303 ಅಂದರೆ ಸಾಧಾರಣ ಪ್ಲೈ, ಐಎಸ್ 710 ಅಂದರೆ ನೀರಿಗೆ ಬಗ್ಗದ ಮೆರೀನ್ ಪ್ಲೈ. ಎಲ್ಲ ಕಡೆ ದುಬಾರಿಯದು ಬೇಕಿಲ್ಲ. ಬಾತ್‌ರೂಮಿಗೆ ತಾಗಿದ ಬದಿಗೆ ಮತ್ತು ನೆಲಕ್ಕೆ ತಾಗುವ ತಳಕ್ಕೆ 710 ಹಾಕಿಸಿ. ತಳದ ಹಲಗೆಗೆ ಕಡಪ್ಪ ಕಲ್ಲು ಹಾಕಿಸುವ ಹಳೆಯ ಮುಂಬೈ ಪದ್ಧತಿ ನನಗೆ ಇಷ್ಟ, ಗೆದ್ದಲಿಗೆ ಅಲ್ಲಿ ಕೆಲಸವಿಲ್ಲ.

ನಕ್ಷೆ ಹಾಕುವ ಮೊದಲು ಬಟ್ಟೆ ಎಣಿಸಿ. ಇದು ಯಾರಿಗೂ ಇಷ್ಟವಿಲ್ಲದ ಕೆಲಸ, ಆದರೆ ಇದಿಲ್ಲದೆ ಮಾಡಿದ ಕಪಾಟು ಅಂಗಡಿಯ ಕಪಾಟು. ತೂಗುವುದು ಎಷ್ಟು, ಮಡಚುವುದು ಎಷ್ಟು, ವರ್ಷಕ್ಕೊಮ್ಮೆ ತೆಗೆಯುವುದು ಎಷ್ಟು ಎಂದು ಮೂರು ರಾಶಿ ಮಾಡಿ. ಒಂದಡಿ ಸಳಿಗೆ ಹತ್ತು ಹನ್ನೆರಡು ಶರ್ಟು ಹಿಡಿಯುತ್ತದೆ, ದಪ್ಪ ಸೀರೆಯಾದರೆ ಎಂಟು. ಹ್ಯಾಂಗರಿಗೆ ಹಾಕಿದ ಸೀರೆ 30 ಇಂಚಿನ ಆಸುಪಾಸು ಇಳಿಯುತ್ತದೆ, ನೀವು ಮಡಚುವ ರೀತಿಯ ಮೇಲೆ ಹೆಚ್ಚು ಕಡಿಮೆ. ಶರ್ಟು 38ರಿಂದ 40, ಮಗಳ ಉದ್ದ ಗೌನು 60ರ ಹತ್ತಿರ. ಒಂಬತ್ತು ಗಜದ ಸೀರೆ ಉಡುವ ಅಜ್ಜಿ ಮನೆಯಲ್ಲಿದ್ದರೆ ಅವರದನ್ನು ತೂಗುವ ಯೋಚನೆಯೇ ಬೇಡ, ಮಡಚಿಡಿ.

ಸಿದ್ಧ ನಕ್ಷೆಗಳಲ್ಲಿ ಎಲ್ಲ ಕಡೆ ಮೇಲೊಂದು ಕೆಳಗೊಂದು ಎಂದು ಎರಡು ಸಳಿ ಹಾಕಿರುತ್ತಾರೆ. ಮೇಲಿನದು ನೆಲದಿಂದ ಆರೂವರೆ ಅಡಿ ದಾಟುತ್ತದೆ. ಐದಡಿ ಎತ್ತರದ ನಾವು ಅದನ್ನು ಮುಟ್ಟಲು ದಿನವೂ ತುದಿಗಾಲಲ್ಲಿ ನಿಲ್ಲಬೇಕು, ಇಲ್ಲವೇ ಸ್ಟೂಲು. ಎರಡು ಸಳಿಯ ಭಾಗ ಗಂಡನಿಗೂ ಮಗನಿಗೂ ಇರಲಿ. ನಮ್ಮ ಭಾಗಕ್ಕೆ ಒಂದೇ ಸಳಿ, ಐದೂವರೆ ಅಡಿ ಎತ್ತರಕ್ಕೆ. ಸೀರೆ ಇಳಿದು ಕೆಳಗೆ ಎರಡೂವರೆ ಅಡಿ ಉಳಿಯುತ್ತದೆ, ಅಲ್ಲಿ ಮೂರು ಡ್ರಾಯರ್. ಏಳಡಿಯ ಮೇಲಿನ ಲಾಫ್ಟು ಊರಿಗೆ ಹೋಗುವ ಸೂಟ್‌ಕೇಸಿಗೆ, ರಜಾಯಿಗೆ. ನಿಮ್ಮ ದೊಡ್ಡ ಸೂಟ್‌ಕೇಸನ್ನು ಅಳೆದುಕೊಳ್ಳಿ. 24 ಇಂಚಿನ ಲಾಫ್ಟಿಗೆ ಅದು ಉದ್ದಕ್ಕೆ ಹೋಗುವುದಿಲ್ಲ, ಅಡ್ಡಕ್ಕೆ ಮಲಗಿಸಬೇಕು. ಮೇ ತಿಂಗಳಲ್ಲಿ ರೈಲು ಹಿಡಿಯುವ ದಿನ ಇದು ಗೊತ್ತಾದರೆ ಪ್ರಯೋಜನವಿಲ್ಲ. ಮೂಲೆಗಳ ಬಗ್ಗೆಯೂ ಎಚ್ಚರ. ಮೂರೂ ಬದಿಗೆ ಕಪಾಟು ಮಾಡಿಸಿದರೆ ಎರಡು ಮೂಲೆಗಳಲ್ಲಿ ಎರಡಡಿ ಚೌಕದ ಜಾಗ ಕೈಗೆ ಸಿಗದೆ ಕತ್ತಲಾಗುತ್ತದೆ. ಎದುರು ಗೋಡೆಯನ್ನು ಖಾಲಿ ಬಿಟ್ಟು ಅಲ್ಲಿ ನಿಲುಗನ್ನಡಿ ಹಾಕಿ.

ರೇಷ್ಮೆಯ ಬಗ್ಗೆ ಮಾತಾಡದೆ ಮುಂದೆ ಹೋದರೆ ನೀವು ನನ್ನನ್ನು ಬಿಡುವುದಿಲ್ಲ. ಭಾರದ ಜರಿಯ ಸೀರೆಯನ್ನು ತೂಗಬೇಡಿ, ತನ್ನ ಭಾರಕ್ಕೇ ಮಡಿಕೆಯಲ್ಲಿ ಸೀಳುತ್ತದೆ. ಹಳೆಯ ಮೆತ್ತನೆಯ ಪಂಚೆಯ ತುಂಡಿನಲ್ಲಿ ಸುತ್ತಿ ಹಲಗೆಯ ಮೇಲೆ ಇಡಿ, ಒಂದರ ಮೇಲೊಂದು ಆರಕ್ಕಿಂತ ಹೆಚ್ಚು ಬೇಡ. ಹಲಗೆಗಳ ನಡುವೆ 12 ಇಂಚು ಸಾಕು. ಅದಕ್ಕಿಂತ ಹೆಚ್ಚು ಬಿಟ್ಟರೆ ನಾವು ಹತ್ತು ಸೀರೆ ಪೇರಿಸುತ್ತೇವೆ, ಅದು ನಮ್ಮ ಸ್ವಭಾವ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಅಂಗಡಿಯ ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ. ಮೈಸೂರು ಸಿಲ್ಕಿನಂಥ ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಬೆಳ್ಳಿಗೆ ಗಂಧಕ ಆಗದು, ರಬ್ಬರಿನಲ್ಲಿ ಗಂಧಕವಿದೆ. ಆದ್ದರಿಂದ ಸೀರೆಗೆ ರಬ್ಬರ್‌ಬ್ಯಾಂಡ್ ಹಾಕಬೇಡಿ. ನುಸಿಗುಳಿಗೆಯನ್ನು ಜರಿಗೆ ತಾಗಿಸಬೇಡಿ, ಕೂಸಿನ ಬಟ್ಟೆಯ ಹತ್ತಿರವಂತೂ ಇಡಲೇಬೇಡಿ. ನಮ್ಮ ಅಜ್ಜಿಯರ ಬಜೆ, ಲವಂಗ, ಒಣ ಬೇವಿನ ಸೊಪ್ಪು ಸಾಕು. ತೇವ ಹೀರುವ ಡಬ್ಬಿ ಇಡುವವರು ಅದನ್ನು ಕೆಳಗಿನ ತಳದಲ್ಲಿ ಇಡಿ. ಅದು ನೀರು ತುಂಬಿಕೊಳ್ಳುವ ಡಬ್ಬಿ, ಮೇಲಿಟ್ಟು ಉರುಳಿದರೆ ಕೆಳಗಿನದೆಲ್ಲ ಹೋಯಿತು.

ಬೆಳಕು ಬಿಳಿಯದಿರಲಿ. ಹಳದಿ ದೀಪದಲ್ಲಿ ರವಿಕೆಗೆ ಹೊಂದಿಸಿದ ಸೀರೆ ಮದುವೆ ಹಾಲ್‌ನಲ್ಲಿ ಬೇರೆಯೇ ಬಣ್ಣ ತೋರಿಸುತ್ತದೆ. ಲೋಹಾರ್ ಚಾಳಿನಲ್ಲಿ ಎಲ್‌ಇಡಿ ಪಟ್ಟಿ ಕೊಳ್ಳುವಾಗ 4000 ಕೆಲ್ವಿನ್, ಸಿಆರ್‌ಐ 90 ಎಂದು ಕೇಳಿ. ಬಟ್ಟೆಯ ಹತ್ತಿರ ಬಿಸಿಯಾಗುವ ಬಲ್ಬು ಬೇಡ.

ಇನ್ನು ಒಂದು ಬಾರಿ ಉಟ್ಟು ಬಿಚ್ಚಿದ ಬಟ್ಟೆ. ಒಗೆಯಲು ಹಾಕುವಷ್ಟು ಕೊಳೆಯಲ್ಲ, ಒಳಗೆ ಇಡುವಷ್ಟು ಮಡಿಯೂ ಅಲ್ಲ. ಯಾವ ದೊಡ್ಡ ಕಂಪನಿಯ ನಕ್ಷೆಯಲ್ಲೂ ಅದಕ್ಕೆ ನಾನು ಜಾಗ ನೋಡಿಲ್ಲ, ಹಾಗಾಗಿ ಎಲ್ಲರ ಮನೆಯಲ್ಲೂ ಅದು ಕುರ್ಚಿಯ ಬೆನ್ನ ಮೇಲೆ ಬೆಟ್ಟವಾಗುತ್ತದೆ. ಒಳಗೆ ಹೋಗುವ ದಾರಿಯ ಪಕ್ಕದಲ್ಲಿ ನಾಲ್ಕು ಗಟ್ಟಿ ಗೂಟ ಹೊಡೆಸಿ. ಗಿಳಿಗೂಟವೇ ಬೇಕೆಂದರೆ ಇಲ್ಲೇ ಹತ್ತಿರದ ಚೋರ್ ಬಜಾರಿನ ಮಟನ್ ಸ್ಟ್ರೀಟ್‌ನಲ್ಲಿ ಹುಡುಕಿದರೆ ಒಂದೊಂದು ಸಲ ಹಳೆಯ ಮರದ್ದು ಸಿಗುತ್ತದೆ. ಇಸ್ತ್ರಿಯವನ ಗಂಟಿಗೂ ಒಂದು ಖಾಲಿ ಹಲಗೆ ಬಿಟ್ಟುಕೊಳ್ಳಿ.

ಈಗ ಆ ಬೀಗದ ಸಂಗತಿ. ಖೇತವಾಡಿಯ ಚಾಳಿನಿಂದ ಹೊಸ ಟವರಿಗೆ ಹೋದ ಒಂದು ಕುಟುಂಬ. ಬಾಗಲಕೋಟೆ ಕಡೆಯವರು. ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಚಾಳಿನಲ್ಲಿ ಐವತ್ತು ವರ್ಷ ಅಜ್ಜಿಯ ಟ್ರಂಕು ಮಂಚದ ಕೆಳಗಿತ್ತು. ಸಾಗಿಸುವಾಗ ‘ಹೊಸ ಮನೆಗೆ ಈ ತುಕ್ಕು ಯಾಕೆ’ ಎಂದು ಅದನ್ನು ಭಂಗಾರದವನಿಗೆ ಕೊಟ್ಟರು. ಒಳಗಿದ್ದ ಇಳಕಲ್ ಸೀರೆಗಳನ್ನೆಲ್ಲ ಸೊಸೆ ಜೋಪಾನವಾಗಿಯೇ ಮಾಸ್ಟರ್ ಬೆಡ್‌ರೂಮಿನ ಬಟ್ಟೆಕೋಣೆಯಲ್ಲಿ ಇಟ್ಟಳು. ಒಳ್ಳೆಯ ಸೊಸೆ, ಯಾವ ತಪ್ಪೂ ಇಲ್ಲ. ಡ್ರಾಯರಿನ ಚಾನೆಲ್ ಬದಲಿಸುವ ಕೆಲಸಕ್ಕೆಂದು ನಾನು ಹೋದಾಗ ಅಜ್ಜಿ ಹೊರಗಿನ ಕೋಣೆಯಲ್ಲಿ ಕೂತಿದ್ದರು. ನಾನು ಒಳಗೆಲ್ಲ ತೋರಿಸಿ ‘ಅಮ್ಮಾ, ಹ್ಯಾಂಗಿದೆ?’ ಎಂದೆ. ಅವರು, ‘ಎಲ್ಲಾ ಚಂದ ಐತವ್ವಾ. ನನ್ನ ಕೀಲಿ ಎಲ್ಲೈತಿ?’ ಎಂದರು. ಸೊಸೆ, ‘ಅತ್ತಿ, ಇಲ್ಲಿ ಬೀಗನೇ ಬ್ಯಾಡ್ರಿ, ಎಲ್ಲಾ ನಮ್ಮೋರೇ ಅಲ್ಲೇನ್ರಿ’ ಎಂದಳು. ಅಜ್ಜಿ ಮತ್ತೆ ಮಾತಾಡಲಿಲ್ಲ. ತಮ್ಮ ಒಂದು ಸೀರೆ ತೆಗೆಯಲು ಅವರು ಮಗ ಸೊಸೆಯ ಮಲಗುವ ಕೋಣೆಯ ಬಾಗಿಲು ತಟ್ಟಬೇಕಾಗಿತ್ತು. ತಟ್ಟುತ್ತಿರಲಿಲ್ಲ. ಎರಡು ಸೀರೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಅವನ್ನೇ ಬದಲಿಸಿ ಉಡುತ್ತಿದ್ದರು.

ಆ ಮನೆಯಲ್ಲಿ ಕೊನೆಗೆ ಮಾಡಿದ್ದು ಸಣ್ಣ ಬದಲಾವಣೆ. ಬಟ್ಟೆಕೋಣೆಯ ಒಂದು ಕಡೆಯ ಬೆನ್ನು ಹೊರಗಿನ ಕೋಣೆಗೆ ತಾಗಿತ್ತು. ಅಲ್ಲಿ ಮೂರಡಿ ಅಗಲಕ್ಕೆ ಬಾಗಿಲನ್ನು ಆ ಕಡೆಗೆ ತಿರುಗಿಸಿದೆವು. ಒಳಗೆ ಎರಡು ಹಲಗೆ, ಒಂದು ಡ್ರಾಯರ್, ಡ್ರಾಯರಿಗೆ ಬೀಗ. ಕೆಳಗಿನದು ನೆಲದಿಂದ ಒಂದೂವರೆ ಅಡಿ ಮೇಲೆ, ಮೇಲಿನದು ಐದಡಿಯೊಳಗೆ, ಬಗ್ಗುವುದೂ ಬೇಡ ಚಾಚುವುದೂ ಬೇಡ. ಸೊಸೆಗೆ ಮೂರಡಿ ಕಡಿಮೆಯಾಯಿತು. ಕೀಲಿ ಅಜ್ಜಿಯ ಸೊಂಟಕ್ಕೆ ಹೋಯಿತು. ಅದಾದ ಮೇಲೆ ನಾನು ಯಾವ ನಕ್ಷೆ ಮಾಡಿದರೂ ಮೊದಲು ಕೇಳುವುದು ಮನೆಯಲ್ಲಿ ಯಾರು ಯಾರಿದ್ದಾರೆ, ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂದು. ನಿಮಗೂ ಬೀಗವಿರುವ ಒಂದು ಡ್ರಾಯರ್ ಇರಲಿ. ಒಡವೆಗೆ ಅಂತ ಅಲ್ಲ, ಅದಕ್ಕೆ ಬ್ಯಾಂಕಿದೆ. ಎಫ್‌ಡಿ ಕಾಗದ, ತಾಯಿಮನೆಯ ಫೋಟೋ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ನಾಲ್ಕು ಕಾಸು.

ನಾನು ಟೇಪು ತಂದಿದ್ದೇನೆ, ಹಳೆಯ ಪ್ಲಾನುಗಳ ಹಿಂಬದಿ ಖಾಲಿ ಕಾಗದವೂ ಇದೆ. ಮನೆಯ ಪ್ಲಾನ್ ಫೋನಿನಲ್ಲಿ ಇರುವವರು ಚಹಾದ ಹೊತ್ತಿಗೆ ಈ ಮೇಜಿನ ಹತ್ತಿರ ಬನ್ನಿ. ಪಾಯ ಇನ್ನೂ ಮುಗಿಯದ ಕಟ್ಟಡದವರು ಮೊದಲು ಬನ್ನಿ, ನಿಮ್ಮದು ಅವಸರದ್ದು.